ಕಲ್ಲಿನ ಟ್ರಾಲಿ ಮುಗ್ಗರಿಸಿದರೆ ಮೊದಲು ಹಳಿಯ ಕೆಳಗೆ ನೋಡಿ

ಇಳಕಲ್ ಕಡೆಯ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ನನ್ನದು ಮೇಂಟೆನೆನ್ಸ್ ಕೆಲಸ. ಕ್ವಾರಿಯಿಂದ ಬಂದ ಬ್ಲಾಕನ್ನು ಗ್ಯಾಂಗ್‌ಸಾ, ಅಂದರೆ ಸಾಲು ಬ್ಲೇಡಿನಿಂದ ಕಲ್ಲು ಕೊಯ್ಯುವ ಯಂತ್ರದ ಕೆಳಗೆ ಒಯ್ಯಲು ನಮ್ಮಲ್ಲಿ ಹಳಿ ಮೇಲೆ ಓಡುವ ಟ್ರಾಲಿ ಇದೆ. ನಾಲ್ಕು ಉಕ್ಕಿನ ಗಾಲಿ, 2 ಎಚ್‌ಪಿ ಮೋಟಾರು, ಒಂದು ಗೇರ್‌ಬಾಕ್ಸ್, ಎರಡು ಸಾಲು ಹಳಿ. ಎತ್ತಿನ ಗಾಡಿಗಿಂತ ಸ್ವಲ್ಪ ಜಾಸ್ತಿ, ಲಾರಿಗಿಂತ ಎಷ್ಟೋ ಕಡಿಮೆ. ಆದರೂ ಇದೇ ಟ್ರಾಲಿ ಒಂದೂವರೆ ವರ್ಷ ನಮ್ಮ ನಿದ್ದೆ ಕೆಡಿಸಿತು.

ಕಾಯಿಲೆ ಹೀಗಿತ್ತು. ಖಾಲಿ ಟ್ರಾಲಿ ಸಲೀಸಾಗಿ ಓಡುತ್ತಿತ್ತು. ಬ್ಲಾಕ್ ಹೇರಿದ ಕೂಡಲೇ ಅರ್ಧ ದಾರಿಯಲ್ಲಿ ಮುಗ್ಗರಿಸುತ್ತಿತ್ತು. ಮೋಟಾರು ಗೊರಗೊರ ಅನ್ನುತ್ತಿತ್ತು, ಕೆಲವು ಸಲ ಟ್ರಿಪ್ ಆಗುತ್ತಿತ್ತು. ಎಡಗಡೆ ಗಾಲಿಯ ಫ್ಲೇಂಜ್ (ಗಾಲಿ ಹಳಿ ಬಿಟ್ಟು ಜಾರದಂತೆ ತಡೆಯುವ ಅಂಚು) ಕಿರ್ರ್ ಎಂದು ಹಳಿಗೆ ಉಜ್ಜುತ್ತಿತ್ತು. ನಾವು ಏನು ಮಾಡಿದೆವು? ಮೋಟಾರು ಬಿಚ್ಚಿ ರಿವೈಂಡಿಂಗ್ ಮಾಡಿಸಿದೆವು. ಎಂಟೂ ಬೇರಿಂಗ್ ಬದಲಾಯಿಸಿದೆವು. ಗೇರ್‌ಬಾಕ್ಸ್ ಇಳಿಸಿ ಹತ್ತಿಸಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಅದೇ ಕಥೆ. ದೋಷ ಇದ್ದದ್ದು ಹಳಿಯಲ್ಲಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಹಳಿಯ ಕೆಳಗೆ.

ಇಂಥ ಟ್ರಾಲಿ ಫೌಂಡ್ರಿಯಲ್ಲಿದೆ, ಹಂಚಿನ ಕಾರ್ಖಾನೆಯ ಗೂಡಿನಲ್ಲಿದೆ, ಪೇಂಟ್ ಬೂತ್‌ನಲ್ಲಿದೆ. ನಿಮ್ಮದು ಯಾವುದೇ ಇರಲಿ, ಬಿಚ್ಚುವ ಮೊದಲು ಇದನ್ನೊಮ್ಮೆ ಓದಿ.

ಎಷ್ಟು ಭಾರ ಅಂತ ಮೊದಲು ಲೆಕ್ಕ ಹಾಕಿ

ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. 3 ಮೀಟರ್ ಉದ್ದ, 1.8 ಮೀಟರ್ ಅಗಲ, 1.8 ಮೀಟರ್ ಎತ್ತರದ ಬ್ಲಾಕ್ ಅಂದರೆ 26 ಟನ್ ದಾಟಿತು. ನಮ್ಮ ಟ್ರಾಲಿಯ ಸ್ವಂತ ತೂಕ 8 ಟನ್. ಒಟ್ಟು 34. ನಾಲ್ಕು ಗಾಲಿಗೆ ಸಮನಾಗಿ ಹಂಚಿದರೆ ಗಾಲಿಗೆ ಎಂಟೂವರೆ ಟನ್. ಆ "ಸಮನಾಗಿ" ಅನ್ನುವ ಮಾತಿನಲ್ಲೇ ಮೋಸ ಇದೆ, ಮುಂದೆ ಹೇಳುತ್ತೇನೆ.

ಈಗ ಒಂದು ಮಿಲಿಮೀಟರಿನ ಲೆಕ್ಕ ನೋಡಿ. ಒಳ್ಳೆ ಬೇರಿಂಗ್ ಇರುವ ಉಕ್ಕಿನ ಗಾಲಿ ಮಟ್ಟವಾದ ಹಳಿ ಮೇಲೆ ಉರುಳಲು ಟನ್ನಿಗೆ ಸುಮಾರು 5ರಿಂದ 10 ಕೆ.ಜಿ. ಎಳೆತ ಸಾಕು. 34 ಟನ್ನಿಗೆ 170ರಿಂದ 340 ಕೆ.ಜಿ. ಆಯಿತು. ಆದರೆ ಹಳಿಯ ಜಾಯಿಂಟ್‌ನಲ್ಲಿ ಮುಂದಿನ ತುಂಡು ಬರೀ 1 ಮಿ.ಮೀ. ಎತ್ತರ ಇದ್ದು, 400 ಮಿ.ಮೀ. ವ್ಯಾಸದ ಗಾಲಿ ಅಲ್ಲಿ ತಾಗಿ ನಿಂತಿದೆ ಅಂದುಕೊಳ್ಳಿ. ಅದನ್ನು ಹತ್ತಿಸಲು ಆ ಗಾಲಿಯ ಭಾರದ ಹತ್ತನೇ ಒಂದು ಭಾಗ ತಳ್ಳಬೇಕು. ಎಂಟೂವರೆ ಟನ್ನಿಗೆ 850 ಕೆ.ಜಿ.! ಎಡ ಬಲ ಎರಡೂ ಜಾಯಿಂಟ್ ಎದುರುಬದುರು ಇದ್ದರೆ ಎರಡು ಗಾಲಿ ಒಟ್ಟಿಗೆ ತಾಗುತ್ತವೆ, 1700 ಕೆ.ಜಿ. ಬೇಕು. ರೈಲು ಇಂಥದ್ದನ್ನು ಓಟದ ಜೋರಿನಲ್ಲಿ ಹಾರಿ ಹೋಗುತ್ತದೆ. ನಮ್ಮ ಟ್ರಾಲಿ ಓಡುವುದು ನಿಮಿಷಕ್ಕೆ 6 ಮೀಟರ್. ಅದಕ್ಕೆ ಜೋರು ಎಲ್ಲಿಂದ ಬರಬೇಕು?

ಹಾಗಾಗಿ ಟ್ರಾಲಿ ನಿಧಾನ ಇದ್ದಷ್ಟೂ ಹಳಿ ಜಾಸ್ತಿ ನಯ ಇರಬೇಕು. ನಿಧಾನ ತಾನೇ, ಹೇಗಿದ್ದರೂ ನಡೆಯುತ್ತೆ ಅನ್ನುವವರು ನನಗೆ ತುಂಬಾ ಸಿಕ್ಕಿದ್ದಾರೆ.

ಕೈ ಹಾಕುವ ಮೊದಲು

ಬ್ಲಾಕ್ ಹೇರಿದ ಟ್ರಾಲಿಯ ಕೆಳಗೆ ಯಾರೂ ಹೋಗಬಾರದು. ಗಾಲಿಗೆ ಎರಡೂ ಕಡೆ ಅಡ್ಡ ಕೊಡಿ. ಮೇನ್ ಸ್ವಿಚ್ ಇಳಿಸಿ ಬೀಗ ಹಾಕಿ, ಕೀಲಿ ನಿಮ್ಮ ಕಿಸೆಯಲ್ಲೇ ಇರಲಿ. ವಿಂಚ್ ಹಗ್ಗದಿಂದ ಎಳೆಯುವಾಗ ಹಗ್ಗದ ನೇರಕ್ಕೆ ನಿಲ್ಲಬೇಡಿ. ತುಂಡಾದ ವೈರ್ ರೋಪ್ ಬಾರುಕೋಲಿನ ಹಾಗೆ ಬೀಸುತ್ತದೆ. ಬ್ಲಾಕಿನ ಕೆಳಗಿನ ಮರದ ದಿಮ್ಮಿ ಸರಿಯಾಗಿ ಕೂತಿದೆಯಾ ನೋಡಿ. ವಾಲಿದ ಬ್ಲಾಕನ್ನು ಇಟ್ಟುಕೊಂಡು ಹಳಿ ಪರೀಕ್ಷೆ ಮಾಡಲೇಬೇಡಿ.

ಮೊದಲ ಪ್ರಶ್ನೆ: ಒಂದೇ ಜಾಗದಲ್ಲೋ, ಎಲ್ಲ ಕಡೆಯೋ?

ಇದಕ್ಕೆ ಬೇಕಾದ ಸಾಮಾನು ಒಂದು ಸೀಮೆಸುಣ್ಣ ಮತ್ತು ಎಲೆಕ್ಟ್ರಿಷಿಯನ್ ಹತ್ತಿರ ಇರುವ ಟಾಂಗ್ ಟೆಸ್ಟರ್. ಹಳಿ ಪಕ್ಕ ನೆಲದ ಮೇಲೆ ಮೀಟರಿಗೊಂದು ಗೆರೆ ಎಳೆಯಿರಿ. ಟಾಂಗ್ ಟೆಸ್ಟರನ್ನು ಮೋಟಾರಿನ ಒಂದು ಫೇಸ್ ವೈರಿಗೆ ಸಿಕ್ಕಿಸಿ. ಟ್ರಾಲಿ ಓಡಿಸುತ್ತಾ ಪ್ರತಿ ಗೆರೆಯಲ್ಲೂ ಎಷ್ಟು ಆಂಪಿಯರ್ ಅಂತ ಒಬ್ಬರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಖಾಲಿ ಒಮ್ಮೆ, ಭಾರ ಹೇರಿ ಒಮ್ಮೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಒಟ್ಟು ನಾಲ್ಕು ಪಟ್ಟಿ.

ಎಲ್ಲ ಗೆರೆಯಲ್ಲೂ ಆಂಪಿಯರ್ ಜಾಸ್ತಿ ಇದ್ದರೆ ಬೇರಿಂಗ್, ಗೇರ್‌ಬಾಕ್ಸ್, ಬ್ರೇಕ್ ಬಿಡದೆ ಹಿಡಿದಿರುವುದು, ಇಂಥವನ್ನು ನೋಡಿ. ಹೋಗುವಾಗ ಜಾಸ್ತಿ, ಬರುವಾಗ ಕಡಿಮೆ ಇದ್ದರೆ ಇಳಿಜಾರು. ಒಂದೆರಡು ಗೆರೆಯಲ್ಲಿ ಮಾತ್ರ ಏರಿದರೆ ಹಳಿ. ನಮ್ಮ ಪಟ್ಟಿಯಲ್ಲಿ ಖಾಲಿ ಓಟ ಉದ್ದಕ್ಕೂ 2 ಆಂಪಿಯರ್ ಆಸುಪಾಸು ಇತ್ತು. ಭಾರ ಹೇರಿದಾಗ ಎರಡೂಕಾಲು, ಎರಡೂವರೆ. ಆದರೆ 11ನೇ ಗೆರೆಯ ಹತ್ತಿರ 4 ದಾಟುತ್ತಿತ್ತು. ಈ ಅರ್ಧ ಗಂಟೆಯ ಕೆಲಸವನ್ನು ಮೊದಲ ದಿನವೇ ಮಾಡಿದ್ದರೆ ರಿವೈಂಡಿಂಗ್ ದುಡ್ಡು ಉಳಿಯುತ್ತಿತ್ತು. ಹೋಗಲಿ ಬಿಡಿ.

ಖಾಲಿ ಹಳಿಯ ಮಟ್ಟ ಸುಳ್ಳು ಹೇಳುತ್ತದೆ

11ನೇ ಗೆರೆಯ ಹತ್ತಿರ ಒಂದು ಜಾಯಿಂಟ್ ಇತ್ತು. ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುವೆಯೇ ನಿಂತಿತು. ಸ್ಟ್ರೇಟ್ ಎಡ್ಜ್ ಅನ್ನುವ ಉದ್ದನೆಯ ನೇರ ಪಟ್ಟಿ ಇಟ್ಟು, ಅಡಿಗೆ ಸಂದು ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್ ತೂರಿಸಿದೆ, ಅರ್ಧ ಮಿ.ಮೀ. ಕೂಡ ಹೋಗಲಿಲ್ಲ. ಎಲ್ಲ ಸರಿ ಇದೆ ಅಂತ ಬರೆದುಕೊಂಡು ಎದ್ದೆ.

ಆಗ ಪಕ್ಕದಲ್ಲಿ ಗೋಡೆ ಗಿಲಾಯಿ ಮಾಡುತ್ತಿದ್ದ ವಯಸ್ಸಾದ ಗೌಂಡಿಯೊಬ್ಬರು ನಕ್ಕರು. "ಸಾಹೇಬ್ರ, ಖಾಲಿ ಬಂಡಿ ಎಳಿಸಿ ಎತ್ತಿನ ತಾಕತ್ತು ಹೇಳ್ತೀರೇನ್ರಿ?" ಅಂದರು. "ಏನ್ ಮಾಡ್ಬೇಕು ಕಾಕಾ?" ಅಂದೆ. ಬಕೆಟ್ಟಿನಲ್ಲಿ ಸುಣ್ಣ ಕಲಸಿ ತಂದು, ಹಳಿಯ ಪಾದ ಮತ್ತು ಕಾಂಕ್ರೀಟು ಕೂಡುವ ಸಂದಿಯ ಉದ್ದಕ್ಕೂ ಬಳಿದರು. "ಒಣಗ್ಲಿ. ಆಮ್ಯಾಲ ಕಲ್ಲು ಹೇರಿ ನಾಕ್ ಸಲ ಓಡ್ಸ್ರಿ."

ಓಡಿಸಿದೆವು. ಉಳಿದ ಕಡೆ ಸುಣ್ಣ ಬಳಿದ ಹಾಗೇ ಇತ್ತು. 11ನೇ ಗೆರೆಯ ಜಾಯಿಂಟಿನ ಎರಡೂ ಪಕ್ಕ, ಸುಮಾರು ಒಂದು ಮೊಳ ಉದ್ದಕ್ಕೆ ಸುಣ್ಣ ಒಡೆದು ಉದುರಿತ್ತು. ಅಂದರೆ ಭಾರ ಬಂದಾಗ ಹಳಿ ಅಲ್ಲಿ ಕುಸಿಯುತ್ತಿದೆ, ಭಾರ ಹೋದ ಮೇಲೆ ಸ್ಪ್ರಿಂಗಿನ ಹಾಗೆ ಎದ್ದು ಮಟ್ಟಕ್ಕೆ ಬರುತ್ತಿದೆ. ನಾನು ಅಳೆದದ್ದು ಎದ್ದು ನಿಂತ ಹಳಿಯನ್ನು.

ಎಷ್ಟು ಕುಸಿಯುತ್ತದೆ ಅಂತ ತಿಳಿಯಲು ಡಯಲ್ ಗೇಜ್ ಹಾಕಿದೆವು, ಕೂದಲೆಳೆಯಷ್ಟು ಅಲುಗಿದರೂ ಮುಳ್ಳಿನಲ್ಲಿ ತೋರಿಸುವ ಅಳತೆಗೋಲು ಅದು. ಇಲ್ಲೊಂದು ಎಚ್ಚರಿಕೆ. ಗೇಜಿನ ಮ್ಯಾಗ್ನೆಟ್ ಬುಡವನ್ನು ಹಳಿಗೇ ಅಂಟಿಸಿದರೆ ಪ್ರಯೋಜನ ಇಲ್ಲ, ಹಳಿ ಜೊತೆ ಗೇಜೂ ಇಳಿಯುತ್ತದೆ. ಹಳಿಯಿಂದ ಒಂದು ಮೀಟರ್ ದೂರದಲ್ಲಿ ಗಟ್ಟಿ ಜಾಗದಲ್ಲಿ ಸರಳು ಹೂತು, ಅದರಿಂದ ಕೈ ಚಾಚಿ ಗೇಜನ್ನು ಹಳಿಯ ಪಾದಕ್ಕೆ ತಾಗಿಸಬೇಕು. ಖಾಲಿ ಟ್ರಾಲಿ ಹೋದಾಗ ಮುಳ್ಳು ಅರ್ಧ ಮಿ.ಮೀ. ತೋರಿಸಿತು. ಬ್ಲಾಕ್ ಸಮೇತ ಹೋದಾಗ 4 ಮಿ.ಮೀ. ಜಾಯಿಂಟಿನ ಈಚೆ ತುಂಡು 4 ಇಳಿದರೆ, ಆಚೆ ತುಂಡು ಅಷ್ಟು ಇಳಿಯುವುದಿಲ್ಲ. ನಡುವೆ ಮೆಟ್ಟಿಲು ಹುಟ್ಟುತ್ತದೆ. ಗಾಲಿ ಆ ಮೆಟ್ಟಿಲು ಹತ್ತಬೇಕು. ಮೋಟಾರು ಗೊರಗುಟ್ಟದೆ ಇನ್ನೇನು ಮಾಡುತ್ತೆ?

ಡಯಲ್ ಗೇಜ್ ಇಲ್ಲದಿದ್ದರೂ ನಡೆಯುತ್ತದೆ. ಸಣ್ಣ ಸುತ್ತಿಗೆಯಿಂದ ಹಳಿಯ ಪಕ್ಕದ ಗ್ರೌಟ್ (ಹಳಿಯ ಅಡಿಗೆ ತುಂಬಿದ ಗಾರೆ) ಮೇಲೆ ಕುಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಪೊಳ್ಳಾದ ಕಡೆ ಬಡ್ ಅನ್ನುತ್ತದೆ. ಮಾಗಿದ ತೆಂಗಿನಕಾಯಿ ತಟ್ಟಿ ನೋಡುವ ಕಿವಿ ಇದ್ದವರಿಗೆ ಇದು ಕಷ್ಟವೇನಲ್ಲ. ಮಳೆಗಾಲದಲ್ಲಿ ಇನ್ನೂ ಸುಲಭ. ಗಾಲಿ ದಾಟುವಾಗ ಹಳಿಯ ಪಾದದ ಅಡಿಯಿಂದ ಕೆಸರು ನೀರು ಪಿಚಕ್ ಅಂತ ಹೊರಗೆ ಬಂದರೆ ಅಲ್ಲಿ ಟೊಳ್ಳು ಇದೆ, ಸಂಶಯವೇ ಬೇಡ.

ನಮ್ಮಲ್ಲಿ ಟೊಳ್ಳು ಯಾಕಾಯಿತು? ಅಗೆದಾಗ ಮೂರು ಕಾರಣ ಸಿಕ್ಕವು. ಗ್ಯಾಂಗ್‌ಸಾದ ಸ್ಲರಿ, ಅಂದರೆ ಕಲ್ಲು ಕೊಯ್ದ ಕೆಸರು ನೀರು ಹೋಗುವ ಚರಂಡಿ ಹಳಿಗೆ ತೀರಾ ಹತ್ತಿರ ಇತ್ತು, ಅದರ ಗೋಡೆ ಬಿರುಕು ಬಿಟ್ಟಿತ್ತು. ಅಲ್ಲಿಂದ ನೀರು ಇಳಿದು ಪಾಯದ ಅಡಿಯ ಮಣ್ಣು ಕೊಚ್ಚಿತ್ತು. ಮಣ್ಣು ಯಾವುದು? ಎರೆ ಮಣ್ಣು. ನಮ್ಮ ಕಡೆ ಹೊಲ ಇದ್ದವರಿಗೆ ಹೇಳಬೇಕಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಜೋಳಕ್ಕೆ ಒಳ್ಳೆಯದು, ಹಳಿಗೆ ಶತ್ರು. ಮೂರನೆಯದು ನಮ್ಮದೇ ತಪ್ಪು. ಹಿಂದೆ ಯಾರೋ ಜಾಯಿಂಟನ್ನು ಮಾಮೂಲಿ ವೆಲ್ಡಿಂಗ್ ರಾಡಿನಿಂದ ಬೆಸೆದಿದ್ದರು. ಹಳಿಯ ಉಕ್ಕಿನಲ್ಲಿ ಕಾರ್ಬನ್ ಜಾಸ್ತಿ. ಮೊದಲು ಚೆನ್ನಾಗಿ ಕಾಯಿಸದೆ, ಸರಿಯಾದ ಲೋ ಹೈಡ್ರೋಜನ್ ರಾಡ್ ಬಳಸದೆ ಬೆಸೆದರೆ ತಣ್ಣಗಾಗುವಾಗ ಗಾಜಿನ ಹಾಗೆ ಪೆಡಸಾಗಿ ಬಿರಿಯುತ್ತದೆ. ಇಲ್ಲೂ ಬಿರಿದಿತ್ತು. ಮೇಲೆ ಗ್ರೈಂಡಿಂಗ್ ಮಾಡಿ ನಯ ಮಾಡಿದ್ದರಿಂದ ಬಿರುಕು ಕಾಣುತ್ತಿರಲಿಲ್ಲ.

ಒಂದು ಪಕ್ಕಕ್ಕೆ ಎಳೆದರೆ

ಫ್ಲೇಂಜ್ ಉಜ್ಜುವುದು ಬೇರೆ ಕಾಯಿಲೆ. ಇದನ್ನು ಹಳಿಯೂ ತರಬಹುದು, ಟ್ರಾಲಿಯೂ ತರಬಹುದು. ಯಾರದ್ದು ತಪ್ಪು ಅಂತ ಪಂಚಾಯಿತಿ ಮಾಡಲು ಎರಡು ಪರೀಕ್ಷೆ ಇವೆ.

ಒಂದು, ಹಿಂದೆ ಮುಂದೆ ಓಡಿಸಿ ನೋಡಿ. ಮುಂದೆ ಹೋಗುವಾಗ ಎಡ ಹಳಿಗೆ ಉಜ್ಜಿ, ಹಿಂದೆ ಬರುವಾಗ ಬಲ ಹಳಿಗೆ ಉಜ್ಜಿದರೆ ಟ್ರಾಲಿಯ ಅಚ್ಚು ಓರೆ ಇದೆ. ಎರಡೂ ಸಲ ಅದೇ ಹಳಿಗೆ ಉಜ್ಜಿದರೆ ಎರಡು ಅನುಮಾನ: ಒಂದು ಹಳಿ ಇನ್ನೊಂದಕ್ಕಿಂತ ತಗ್ಗಾಗಿದೆ, ಇಲ್ಲವೇ ಎಡ ಬಲ ಗಾಲಿಗಳ ವ್ಯಾಸ ಬೇರೆ ಬೇರೆ ಇದೆ.

ಎರಡನೆಯ ಪರೀಕ್ಷೆ ಈ ಅನುಮಾನ ಬಿಡಿಸುತ್ತದೆ. ಖಾಲಿ ಟ್ರಾಲಿಯನ್ನು ಗ್ಯಾಂಟ್ರಿ ಕ್ರೇನಿನಿಂದ ಎತ್ತಿ, ಹಿಂದು ಮುಂದಾಗಿ ತಿರುಗಿಸಿ ಹಳಿ ಮೇಲೆ ಇಡಿ. ಆಮೇಲೂ ಅದೇ ಹಳಿಗೆ ಉಜ್ಜಿದರೆ ತಪ್ಪು ಹಳಿಯದ್ದು. ಉಜ್ಜಾಟ ಆಚೆ ಹಳಿಗೆ ಹೋದರೆ ಟ್ರಾಲಿ ತನ್ನ ರೋಗವನ್ನು ತನ್ನ ಜೊತೆ ಒಯ್ದಿದೆ ಅಂತ ಅರ್ಥ. ನನ್ನ ಪ್ರಕಾರ ಈ ಇಡೀ ಬರಹದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಪರೀಕ್ಷೆ ಇದೇ. ಕ್ರೇನ್ ಆಪರೇಟರ್ ಬೈದುಕೊಳ್ಳುತ್ತಾನೆ, ಬೈಯಲಿ.

ಗಾಲಿಯ ವ್ಯಾಸ ಅಳೆಯಲು ಕ್ಯಾಲಿಪರ್ ಬೇಡ. ತೆಳುವಾದ ಸ್ಟೀಲ್ ಟೇಪನ್ನು ಗಾಲಿಯ ಸುತ್ತ ಸುತ್ತಿ. ವ್ಯಾಸದಲ್ಲಿ 1 ಮಿ.ಮೀ. ವ್ಯತ್ಯಾಸ ಇದ್ದರೆ ಸುತ್ತಳತೆಯಲ್ಲಿ 3 ಮಿ.ಮೀ.ಗಿಂತ ಜಾಸ್ತಿ ಕಾಣುತ್ತದೆ, ಕಣ್ಣಿಗೆ ಸುಲಭ. ಒಂದೇ ಶಾಫ್ಟಿನ ಮೇಲೆ 400 ಮತ್ತು 401 ಮಿ.ಮೀ.ನ ಗಾಲಿ ಇದ್ದರೆ 10 ಮೀಟರ್ ಓಟದಲ್ಲಿ ದೊಡ್ಡದು 25 ಮಿ.ಮೀ. ಮುಂದೆ ಹೋಗಲು ನೋಡುತ್ತದೆ. ಫ್ಲೇಂಜ್ ಬಿಡುವುದಿಲ್ಲ. ಜಗಳ ಶುರು, ಕಿರ್ರ್ ಸದ್ದು ಅಲ್ಲಿಂದ. ಹಾಗಾಗಿ ಡ್ರೈವ್ ಗಾಲಿಗಳನ್ನು ಯಾವತ್ತೂ ಜೋಡಿಯಾಗಿಯೇ ಬದಲಾಯಿಸಿ, ಒಂದೇ ಸೆಟ್ಟಿಂಗಿನಲ್ಲಿ ಲೇತ್ ಮಾಡಿಸಿ. ಸವೆದದ್ದು ಒಂದೇ ತಾನೇ ಅಂತ ಒಂದನ್ನೇ ಹೊಸದು ಹಾಕಿದರೆ ಜಗಳವನ್ನು ಕೈಯಾರೆ ಹಚ್ಚಿದಂತೆ.

ಅಚ್ಚು ಓರೆ ಇದೆಯಾ ಅಂತ ನೋಡಲು ನಾಲ್ಕು ಗಾಲಿಯ ನಡುಬಿಂದುವಿನಿಂದ ಮೂಲೆಯಿಂದ ಮೂಲೆಗೆ ಎರಡೂ ಅಳತೆ ತೆಗೆಯಿರಿ. ಎರಡೂ ಒಂದೇ ಬರಬೇಕು. ಮನೆ ಪಾಯ ಹಾಕುವಾಗ ಗೌಂಡಿ ಮಾಡುವುದೂ ಇದನ್ನೇ. ಜೊತೆಗೆ ಗಾಲಿಯ ಹೊರ ಮುಖಕ್ಕೆ ದಾರ ಕಟ್ಟಿ ನೋಡಿ. 400 ಮಿ.ಮೀ. ಗಾಲಿ ತನ್ನ ಮುಖದಲ್ಲಿ ಬರೀ 1 ಮಿ.ಮೀ. ಓರೆ ಇದ್ದರೂ 10 ಮೀಟರಿಗೆ 25 ಮಿ.ಮೀ. ಪಕ್ಕಕ್ಕೆ ಸರಿಯಲು ನೋಡುತ್ತದೆ.

ಫ್ಲೇಂಜಿನ ಹೊಳಪು ಕೂಡ ಸಾಕ್ಷಿ ಹೇಳುತ್ತದೆ. ಫ್ಲೇಂಜ್ ಹಳಿಯ ಒಳಗಡೆ ಇರುವ ಟ್ರಾಲಿಯಲ್ಲಿ ನಾಲ್ಕೂ ಗಾಲಿಯ ಫ್ಲೇಂಜ್ ಹೊಳೆಯುತ್ತಿದ್ದರೆ ಹಳಿಗಳ ನಡುವಿನ ಗೇಜ್ ಇಕ್ಕಟ್ಟಾಗಿದೆ. ಮುಂದಿನ ಎಡ ಮತ್ತು ಹಿಂದಿನ ಬಲ ಮಾತ್ರ ಹೊಳೆದರೆ ಟ್ರಾಲಿ ಏಡಿಯ ಹಾಗೆ ಓರೆಯಾಗಿ ಓಡುತ್ತಿದೆ. ಗಾಲಿ ಬಿಟ್ಟು ಹಳಿಯ ಪಕ್ಕ ಒಂದು ಗೇಣು ಉದ್ದ ಮಾತ್ರ ಹೊಳೆಯುತ್ತಿದ್ದರೆ ಅಲ್ಲಿ ಹಳಿ ಬಾಗಿದೆ.

ನಮ್ಮ ಕೇಸಿನಲ್ಲಿ ಎಡ ಹಳಿ 11ನೇ ಗೆರೆಯಲ್ಲಿ ಕುಸಿಯುತ್ತಿದ್ದುದರಿಂದ ಟ್ರಾಲಿ ಎಡಕ್ಕೆ ವಾಲುತ್ತಿತ್ತು. ಒಂದು ಟೊಳ್ಳಿಗೆ ಎರಡು ಕಾಯಿಲೆ.

ನಾಲ್ಕು ಕಾಲಿನ ಸ್ಟೂಲು

ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಅಲ್ಲಾಡುವುದಿಲ್ಲ. ನಾಲ್ಕು ಕಾಲಿನದ್ದು ಅಲ್ಲಾಡುತ್ತದೆ. ದಪ್ಪ ಗರ್ಡರಿನಿಂದ ಮಾಡಿದ ಟ್ರಾಲಿಯೂ ನಾಲ್ಕು ಕಾಲಿನ ಸ್ಟೂಲೇ. ಹಳಿ ಒಂದು ಕಡೆ ಕೆಲವು ಮಿ.ಮೀ. ತಗ್ಗಾದರೆ ಅಲ್ಲಿನ ಗಾಲಿ ಗಾಳಿಯಲ್ಲಿ ತೇಲುತ್ತದೆ. ಭಾರ ಪೂರ್ತಿ ಎದುರುಬದುರು ಮೂಲೆಯ ಎರಡು ಗಾಲಿಗೆ ಬೀಳುತ್ತದೆ. ಎಂಟೂವರೆ ಟನ್ ಅಂದುಕೊಂಡದ್ದು ಹದಿನೇಳಾಗುತ್ತದೆ. ಬೇರಿಂಗ್ ಪದೇಪದೇ ಹೋಗುವುದಕ್ಕೆ ಬೇರಿಂಗ್ ಕಂಪನಿಯನ್ನು ಬೈಯುವ ಮೊದಲು ಇದನ್ನು ನೋಡಿ. ತೇಲುತ್ತಿರುವುದು ಡ್ರೈವ್ ಗಾಲಿ ಆದರೆ ಅದು ನಿಂತಲ್ಲೇ ಸುತ್ತುತ್ತದೆ, ಟ್ರಾಲಿ ಮುಂದೆ ಹೋಗುವುದಿಲ್ಲ.

ಪತ್ತೆ ಮಾಡುವುದು ಸುಲಭ. ಟ್ರಾಲಿ ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಗಾಲಿ ಮತ್ತು ಹಳಿ ನಡುವೆ ಪಕ್ಕದಿಂದ ಫೀಲರ್ ಗೇಜ್ ತೂರಿಸಿ. ಹೋಯಿತೆಂದರೆ ತೇಲುತ್ತಿದೆ. ಇದನ್ನು ಎರಡೆರಡು ಮೀಟರಿಗೊಮ್ಮೆ ಮಾಡಿ. ಎಲ್ಲಿ ನಿಲ್ಲಿಸಿದರೂ ಅದೇ ಗಾಲಿ ತೇಲಿದರೆ ಟ್ರಾಲಿಯ ಚೌಕಟ್ಟು ತಿರುಚಿದೆ. ಜಾಗ ಬದಲಾದಂತೆ ಬೇರೆ ಬೇರೆ ಗಾಲಿ ತೇಲಿದರೆ ಹಳಿ ಏರುಪೇರಾಗಿದೆ.

ಹೊಸ ಟ್ರಾಲಿ ಮಾಡಿಸುವವರಿಗೆ ನನ್ನ ಮಾತು: ಒಂದು ಕಡೆಯ ಅಚ್ಚನ್ನು ಚೌಕಟ್ಟಿಗೆ ಬಿಗಿಯಾಗಿ ಬೋಲ್ಟ್ ಮಾಡಬೇಡಿ. ನಡುವೆ ಒಂದು ದಪ್ಪ ಪಿನ್ ಹಾಕಿ ತಕ್ಕಡಿಯ ದಂಡದ ಹಾಗೆ ಸ್ವಲ್ಪ ಆಡಲು ಬಿಡಿ. ಆಗ ನಾಲ್ಕು ಗಾಲಿಯ ಟ್ರಾಲಿ ಮೂರು ಕಾಲಿನ ಸ್ಟೂಲಿನಂತೆ ಕೂರುತ್ತದೆ. ಹಳಿಯ ಚಿಕ್ಕಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಆದರೆ ಬ್ಲಾಕ್ ಎತ್ತರ ಇದ್ದರೆ ಆ ಆಟಕ್ಕೆ ಎರಡೂ ಕಡೆ ತಡೆ ಇರಲೇಬೇಕು, ಇಲ್ಲದಿದ್ದರೆ ಮಗುಚುವ ಭಯ.

ತಾನಾಗಿಯೇ ಉರುಳಿದರೆ

ಮೀಟರಿಗೆ 5 ಮಿ.ಮೀ. ಇಳಿಜಾರು ಕಣ್ಣಿಗೆ ಕಾಣುವುದಿಲ್ಲ. ಆದರೆ 34 ಟನ್ನನ್ನು ಅದು 170 ಕೆ.ಜಿ. ಬಲದಿಂದ ಎಳೆಯುತ್ತದೆ. ಬೇರಿಂಗ್ ಚೆನ್ನಾಗಿದ್ದರೆ ಟ್ರಾಲಿ ಹೊರಟೇಬಿಡುತ್ತದೆ. ಬೇರಿಂಗ್ ಹೊಸದು ಹಾಕಿದ ಮೇಲೆ ಟ್ರಾಲಿ ಉರುಳಲು ಶುರುವಾಯಿತು ಅಂತ ದೂರು ಬಂದರೆ ಗಾಬರಿ ಬೇಡ. ಹಳೆ ಬೇರಿಂಗ್ ಬ್ರೇಕಿನ ಕೆಲಸ ಮಾಡುತ್ತಿತ್ತು, ಅಷ್ಟೇ. ನೀರು ಹರಿಯಲಿ ಅಂತ ಶೆಡ್ಡಿನ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಹಳಿಯನ್ನೂ ನೆಲದ ಜೊತೆಗೇ ಹಾಸಿಬಿಡುತ್ತಾರೆ. ನೆಲಕ್ಕೆ ಇಳಿಜಾರು ಬೇಕು. ಹಳಿಗೆ ಬೇಡ.

ಹಳಿ ಮೇಲಿನ ಕಸ

ಗ್ಯಾಂಗ್‌ಸಾದಲ್ಲಿ ನೀರು, ಸುಣ್ಣ, ಉಕ್ಕಿನ ಹರಳು ಸೇರಿಸಿ ಕಲ್ಲು ಕೊಯ್ಯುತ್ತಾರೆ. ಆ ಸ್ಲರಿ ಹಳಿ ಮೇಲೆ ಬಿದ್ದು ಒಣಗಿದರೆ ಗಾರೆ ಹಾಗೆ ಕಚ್ಚುತ್ತದೆ. ನೆಲಕ್ಕೆ ಸಮನಾಗಿ ಹೂತ ಹಳಿ ಆದರೆ ಫ್ಲೇಂಜ್ ಓಡುವ ಸಂದು ತುಂಬಿ, ಫ್ಲೇಂಜ್ ಅದರ ಮೇಲೆ ಹತ್ತಿ ಟ್ರಾಲಿ ಹಳಿ ಬಿಡುತ್ತದೆ. ದಿನಾ ಶಿಫ್ಟ್ ಮುಗಿದಾಗ ಒದ್ದೆ ಇರುವಾಗಲೇ ನೀರು ಹಾಯಿಸಿ ತೊಳೆಯಿರಿ. ಗಾಲಿಯ ಮುಂದೆ ಒಂದು ರಬ್ಬರ್ ಪಟ್ಟಿ ಕಟ್ಟಿದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಹಳಿಯ ತಲೆಗೆ ಗ್ರೀಸ್ ಹಚ್ಚುವವರನ್ನು ನೋಡಿದ್ದೇನೆ. ಬೇಡ. ಡ್ರೈವ್ ಗಾಲಿ ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ, ಹರಳು ಗ್ರೀಸಿಗೆ ಅಂಟಿ ಉಜ್ಜು ಕಾಗದ ಆಗುತ್ತದೆ.

ತಾಯಿ ಟ್ರಾಲಿ, ಮಗು ಟ್ರಾಲಿ

ಒಂದು ಗ್ಯಾಂಗ್‌ಸಾದಿಂದ ಇನ್ನೊಂದಕ್ಕೆ ಬ್ಲಾಕ್ ಟ್ರಾಲಿ ಒಯ್ಯಲು ಅಡ್ಡಡ್ಡ ಓಡುವ ದೊಡ್ಡ ಟ್ರಾಲಿ ಇರುತ್ತದೆ. ಅದರ ಬೆನ್ನ ಮೇಲೂ ಹಳಿ. ನೆಲದ ಹಳಿಯಿಂದ ಈ ಬೆನ್ನಿನ ಹಳಿಗೆ ದಾಟುವ ಜಾಗ ಇಡೀ ವ್ಯವಸ್ಥೆಯಲ್ಲಿ ಅತಿ ತೊಂದರೆಯದ್ದು. ಖಾಲಿ ಇದ್ದಾಗ ಎರಡೂ ಸಮ ಇರುತ್ತವೆ. ಮಗುವಿನ ಮುಂದಿನ ಎರಡು ಗಾಲಿ ಹತ್ತಿದ ಕೂಡಲೇ 17 ಟನ್ ತಾಯಿಯ ಒಂದೇ ಅಂಚಿಗೆ ಬೀಳುತ್ತದೆ. ಆ ಅಂಚು ಕುಗ್ಗುತ್ತದೆ, ಆಚೆ ಅಂಚು ಏಳಲು ನೋಡುತ್ತದೆ. ಹಿಂದಿನ ಗಾಲಿಗಳು ದಾಟುವಾಗ ಹಳಿ ಸಮ ಇರುವುದಿಲ್ಲ. ಬ್ಲಾಕ್ ಹೊರಗೆ ತರುವಾಗಲಂತೂ ನೆಲದ ಹಳಿಯೇ ಮೆಟ್ಟಿಲಾಗಿ ಎದುರು ನಿಲ್ಲುತ್ತದೆ.

ಉಪಾಯ ಎರಡು. ತಾಯಿ ಟ್ರಾಲಿಯ ಹಳಿಯನ್ನು ನೆಲದ ಹಳಿಯ ನೇರಕ್ಕೆ ಹಿಡಿದಿಡುವ ಲಾಕ್ ಪಿನ್ ಗಟ್ಟಿಯಾಗಿದ್ದು, ಅದು ಬರೀ ನೇರ ಹಿಡಿಯದೆ ಭಾರವನ್ನೂ ಹೊರುವಂತಿರಬೇಕು. ಇಲ್ಲವೇ ಅಂಚಿನ ಕೆಳಗೆ ಆಪು ಕೊಡಬೇಕು, ಅಂದರೆ ದಾಟುವ ಹೊತ್ತಿಗೆ ಒಂದು ಬೆಣೆ ಒಳಗೆ ಸರಿದು ತಾಯಿ ಟ್ರಾಲಿಯನ್ನು ನೆಲಕ್ಕೆ ಒತ್ತಿ ನಿಲ್ಲಿಸಬೇಕು. ಕುಗ್ಗುವಷ್ಟು ಎತ್ತರವನ್ನು ಮೊದಲೇ ಕೊಡುವುದೂ ಉಂಟು. ಡಯಲ್ ಗೇಜ್ ಹಾಕಿ ಎಷ್ಟು ಕುಗ್ಗುತ್ತದೆ ನೋಡಿ, ಅದರಲ್ಲಿ ಅರ್ಧದಷ್ಟು ಮಾತ್ರ ಎತ್ತರ ಇಡಿ. ಪೂರ್ತಿ ಇಟ್ಟರೆ ಹತ್ತುವಾಗ ಮೆಟ್ಟಿಲು.

ಹಳಿ ಮತ್ತೆ ಹಾಸಿದ್ದು ಹೀಗೆ

11ನೇ ಗೆರೆಯ ಆಚೀಚೆ 6 ಮೀಟರ್ ಪೂರ್ತಿ ಬಿಚ್ಚಿದೆವು. ಮೇಲಿಂದ ತೇಪೆ ಹಾಕಿದರೆ ಮುಂದಿನ ಮಳೆಗೆ ಮತ್ತೆ ಇದೇ ಗೋಳು ಅಂತ ಮಾಲೀಕರಿಗೆ ಒಪ್ಪಿಸಲು ಡಯಲ್ ಗೇಜಿನ ಫೋಟೋ ತೋರಿಸಬೇಕಾಯಿತು. ಎರೆ ಮಣ್ಣು ತೆಗೆದು ಮುರ್ರಂ ತುಂಬಿ, ತೆಳು ಪದರವಾಗಿ ನೀರು ಹಾಕಿ ಧಮ್ಮಸು ಮಾಡಿದೆವು. ಅದರ ಮೇಲೆ ಸರಳು ಕಟ್ಟಿದ ಕಾಂಕ್ರೀಟ್ ತೊಲೆ. ಎರಡು ಹಳಿಯ ತೊಲೆಗಳನ್ನು ಅಡ್ಡ ತೊಲೆಗಳಿಂದ ಕೂಡಿಸಿದ್ದು ಮುಖ್ಯ, ಆಗ ಒಂದು ಕುಸಿದು ಇನ್ನೊಂದು ನಿಲ್ಲುವುದಿಲ್ಲ. ಚರಂಡಿಯನ್ನು ದೂರ ಸರಿಸಿದೆವು.

ಹಳಿಯ ಬಗ್ಗೆ ಒಂದು ಮಾತು. ರೈಲ್ವೆಯ 52 ಕೆ.ಜಿ. ಹಳಿ ಅಂದರೆ ಮೀಟರಿಗೆ 52 ಕೆ.ಜಿ. ತೂಗುವಂಥದ್ದು. ಸೆಕೆಂಡ್ ಹ್ಯಾಂಡ್ ಹಳಿ ಅಗ್ಗ ಅಂತ ಎಲ್ಲರೂ ತರುತ್ತಾರೆ, ನಾವೂ ತಂದೆವು. ಆದರೆ ಹಳೆ ಹಳಿಯ ತಲೆ ಒಂದೊಂದರಲ್ಲಿ ಒಂದೊಂದು ಥರ ಸವೆದಿರುತ್ತದೆ. ಎತ್ತರ ಅಳೆದು, ಹೊಂದುವ ತುಂಡುಗಳನ್ನೇ ಅಕ್ಕಪಕ್ಕ ಹಾಕಬೇಕು. ಇಲ್ಲದಿದ್ದರೆ ಜಾಯಿಂಟಿನಲ್ಲಿ ಮೆಟ್ಟಿಲನ್ನು ದುಡ್ಡು ಕೊಟ್ಟು ತಂದಂತೆ. ಇನ್ನೊಂದು, ರೈಲ್ವೆಯಲ್ಲಿ ಹಳಿಯನ್ನು ಒಳಕ್ಕೆ 20ಕ್ಕೆ 1ರಷ್ಟು ವಾಲಿಸಿ ಹಾಸುತ್ತಾರೆ, ಯಾಕೆಂದರೆ ಅಲ್ಲಿ ಗಾಲಿಯೂ ಅಷ್ಟೇ ಓರೆಯಾಗಿ ಕಡೆದಿರುತ್ತದೆ. ನಮ್ಮ ಗಾಲಿ ಚಪ್ಪಟೆ. ಹಳಿ ನೆಟ್ಟಗೆ ಕೂರಬೇಕು. ರೈಲ್ವೆ ಕಂಡವರೊಬ್ಬರು ಬಂದು ವಾಲಿಸಿ ಅಂದರು, ಕೈ ಮುಗಿದು ಕಳಿಸಿದೆ.

ಜಾಯಿಂಟನ್ನು ನೇರ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸಿದೆವು. ಗಾಲಿ ಈಚೆ ತುಂಡು ಬಿಡುವ ಮೊದಲೇ ಆಚೆ ತುಂಡು ಹಿಡಿದಿರುತ್ತದೆ. ಕ್ರೇನ್ ಹಳಿಗಳಲ್ಲಿ ಇದು ಹಳೆಯ ರೂಢಿ. ಎಡ ಬಲ ಜಾಯಿಂಟ್ ಎದುರುಬದುರು ಬರದಂತೆ ಹಿಂದೆ ಮುಂದೆ ಮಾಡಿದೆವು. ಎಷ್ಟು ಅಂತರ ಇಟ್ಟರೂ ಅದು ಟ್ರಾಲಿಯ ಮುಂದಿನ ಮತ್ತು ಹಿಂದಿನ ಗಾಲಿಯ ನಡುವಿನ ಅಳತೆಗೆ ಸಮ ಆಗಬಾರದು, ಸಮ ಆದರೆ ಮತ್ತೆ ಎರಡು ಗಾಲಿ ಒಟ್ಟಿಗೆ ತಾಗುತ್ತವೆ. ಪ್ರತಿ ಜಾಯಿಂಟಿನ ಕೆಳಗೆ ದಪ್ಪ ಪ್ಲೇಟು.

ಬಿಸಿಲಿನ ಲೆಕ್ಕವೂ ಇದೆ. ಶೆಡ್ಡಿನ ಹೊರಗಿನ 12 ಮೀಟರ್ ಹಳಿ ಚಳಿಗಾಲದ ಬೆಳಗಿನಿಂದ ಬೇಸಿಗೆಯ ಮಧ್ಯಾಹ್ನಕ್ಕೆ 45 ಡಿಗ್ರಿ ಹೆಚ್ಚು ಕಾದರೆ ಸುಮಾರು ಆರೂವರೆ ಮಿ.ಮೀ. ಉದ್ದ ಆಗುತ್ತದೆ. ಜಾಗ ಬಿಡದಿದ್ದರೆ ಪಕ್ಕಕ್ಕೆ ಬಾಗುತ್ತದೆ. ಹೊರಗೆ ಜಾಯಿಂಟಿಗೆ 3ರಿಂದ 4 ಮಿ.ಮೀ. ಸಂದು ಬಿಟ್ಟು ಹಿತವಾದ ಹೊತ್ತಿನಲ್ಲಿ ಹಾಸಿದೆವು. ನೆರಳಿನಲ್ಲಿ ಅಷ್ಟು ಬೇಡ.

ಮಟ್ಟ ನೋಡಿದ್ದು ನೀರಿನ ಟ್ಯೂಬಿನಿಂದ. ದುರ್ಬೀನಿನಲ್ಲಿ ಮಟ್ಟ ನೋಡುವ ಆಟೋ ಲೆವೆಲ್ ಬಾಡಿಗೆಗೆ ಸಿಗುತ್ತದೆ, ಆದರೆ ಇಷ್ಟು ಉದ್ದಕ್ಕೆ ಟ್ಯೂಬ್ ಸಾಕು. ಮೊದಲು ಎರಡು ತುದಿಯನ್ನೂ ಅಕ್ಕಪಕ್ಕ ಹಿಡಿದು ನೀರು ಸಮ ಇದೆಯಾ ನೋಡಿ. ಇಲ್ಲದಿದ್ದರೆ ಒಳಗೆ ಗಾಳಿಗುಳ್ಳೆ ಇದೆ. ಟ್ಯೂಬಿನ ಅರ್ಧ ಬಿಸಿಲಿನಲ್ಲಿ, ಅರ್ಧ ನೆರಳಿನಲ್ಲಿ ಬಿದ್ದಿದ್ದರೂ ಅಳತೆ ಕೆಡುತ್ತದೆ, ಬೆಳಿಗ್ಗೆ ಬೇಗ ಮಾಡಿ. ನಾವು ಇಟ್ಟುಕೊಂಡ ಮಿತಿ: ಎಡ ಬಲ ಹಳಿಯ ಎತ್ತರದ ವ್ಯತ್ಯಾಸ 2 ಮಿ.ಮೀ. ಒಳಗೆ, ಹಳಿಗಳ ನಡುವಿನ ಅಂತರ 2 ಮಿ.ಮೀ. ಹೆಚ್ಚು ಕಡಿಮೆ, 2 ಮೀಟರ್ ಸ್ಟ್ರೇಟ್ ಎಡ್ಜಿನ ಕೆಳಗೆ 1 ಮಿ.ಮೀ., ಜಾಯಿಂಟಿನಲ್ಲಿ ಮೆಟ್ಟಿಲು ಬೆರಳಿನ ಉಗುರಿಗೆ ತಾಗಬಾರದು. ಶಿಮ್ (ಅಡಿಗೆ ಕೊಡುವ ತೆಳು ತಗಡು) ಹಾಕಿ ಮಟ್ಟ ಮಾಡಿದ ಮೇಲೆ ಹಳಿಯ ಅಡಿಗೆ ಕುಗ್ಗದ ಗ್ರೌಟ್ ಸುರಿದೆವು. ಒಂದೇ ಪಕ್ಕದಿಂದ ಸುರಿಯಬೇಕು, ಆಚೆ ಪಕ್ಕ ಹೊರಬರುವ ತನಕ. ಎರಡೂ ಕಡೆಯಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಮತ್ತೆ ಟೊಳ್ಳು.

ಗ್ರೌಟ್ ಗಟ್ಟಿಯಾಗುವ ತನಕ ಕಾಯಲು ಪ್ರೊಡಕ್ಷನ್‌ನವರು ಒಪ್ಪಲಿಲ್ಲ, ಒಂದು ದಿನ ವಾದ ಮಾಡಬೇಕಾಯಿತು. ಚೀಲದ ಮೇಲೆ ಬರೆದ ದಿನದಷ್ಟು ಕಾದು, ಮತ್ತೆ ಸುಣ್ಣ ಬಳಿದು, 26 ಟನ್ನಿನ ಬ್ಲಾಕ್ ಹೇರಿ ಓಡಿಸಿದೆವು. ಸುಣ್ಣ ಒಡೆಯಲಿಲ್ಲ. ಡಯಲ್ ಗೇಜ್ 0.4 ತೋರಿಸಿತು. 11ನೇ ಗೆರೆಯಲ್ಲಿ ಎರಡೂಕಾಲು ಆಂಪಿಯರ್, ಉಳಿದ ಗೆರೆಗಳಷ್ಟೇ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದಾಗ 0.5 ಇತ್ತು. ತಾಯಿ ಟ್ರಾಲಿಯ ಲಾಕ್ ಪಿನ್ ಮಾತ್ರ ಇನ್ನೂ ಸಡಿಲ ಇದೆ. ಅದರ ಬುಷ್ ಲೇತ್ ಅಂಗಡಿಯಲ್ಲಿದೆ, ಬರುವ ವಾರ ಕೊಡುತ್ತೇನೆ ಅಂದಿದ್ದಾರೆ.